ಇರುವೆಯ ಸಂಸಾರ

ಇರುವೆಯಿಲ್ಲದ ಮನೆಯುಂಟೇ? ನಾಗಪುರದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಒಬ್ಬರದು ಧಾರವಾಡದ ಕಡೆ, ಒಬ್ಬರದು ಮೈಸೂರಿನ ಕಡೆ, ಮತ್ತೊಬ್ಬರದು ಮಲೆನಾಡು. ಸಾರಿನ ಪುಡಿಯಿಂದ ಹಿಡಿದು ಹಬ್ಬದ ಆಚರಣೆಯವರೆಗೆ ಒಬ್ಬರದು ಒಂದು ಬಗೆಯಾದರೆ ಇನ್ನೊಬ್ಬರದು ಇನ್ನೊಂದು ಬಗೆ. ಆದರೆ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದೊಡನೆ ಕಾಣಿಸುವ ಅತಿಥಿಗಳ ವಿಷಯದಲ್ಲಿ ಮಾತ್ರ ಎಲ್ಲರ ಅನುಭವವೂ ಒಂದೇ. ಮೇ ತಿಂಗಳ ಬಿಸಿಲಿನಲ್ಲಿ ಮನುಷ್ಯರೆಲ್ಲ ಕೂಲರಿನ ಮುಂದೆ ಕುಳಿತಾಗ, ಇರುವೆಗಳು ಅದರಿಂದ ತೊಟ್ಟಿಕ್ಕುವ ನೀರಿನ ಸುತ್ತ ಸೇರುತ್ತವೆ. ಬೇಸಗೆ ಅವಕ್ಕೂ ಬೇಸಗೆಯೇ.

ಇರುವೆಯನ್ನು ಕುರಿತು ನಾವು ಮಕ್ಕಳಿಗೆ ಕೆಲವು ಮಾತುಗಳನ್ನು ಹೇಳುವ ವಾಡಿಕೆಯಿದೆ. ಇರುವೆಯಂತೆ ಬಿಡುವಿಲ್ಲದೆ ದುಡಿಯಬೇಕು. ಇರುವೆಗಳಿಗೆ ಒಬ್ಬ ರಾಣಿಯಿದ್ದಾಳೆ, ಅವಳ ಅಪ್ಪಣೆಯಂತೆ ಎಲ್ಲವೂ ನಡೆಯುತ್ತದೆ. ಇರುವೆಗೆ ರೆಕ್ಕೆ ಬಂದರೆ ಸಾವು ಹತ್ತಿರ. ಹೀಗೆ. ನಾವು ಬಿ.ಎ. ಮುಗಿಸಿ ಕಡತಗಳ ನಡುವೆ ಕುಳಿತವರೇ ಹೊರತು ವಿಜ್ಞಾನಿಗಳಲ್ಲ. ಆದರೆ ಕಚೇರಿಯಲ್ಲಿ ಕಲಿತ ಒಂದು ಪಾಠವುಂಟು. ಬಂದ ಕಾಗದದಲ್ಲಿರುವ ಮಾತನ್ನು ಮೂಲ ದಾಖಲೆಯೊಡನೆ ತಾಳೆ ನೋಡದೆ ಮುಂದಕ್ಕೆ ಕಳಿಸಬಾರದು. ಇರುವೆಯ ಬಗ್ಗೆ ನಾವಾಡುವ ಮಾತುಗಳನ್ನೂ ಹೀಗೆ ತಾಳೆ ನೋಡಿದರೆ ಬಹಳಷ್ಟನ್ನು ತಿದ್ದಬೇಕಾಗುತ್ತದೆ. ತಿದ್ದಿದ ಮೇಲೆ ಉಳಿಯುವುದು ಕಥೆಗಿಂತ ಹೆಚ್ಚು ಸೋಜಿಗದ್ದು.

ಮೊದಲನೆಯದಾಗಿ, ‘ಇರುವೆ’ ಎಂಬುದು ಒಂದು ಪ್ರಾಣಿಯ ಹೆಸರೇ ಅಲ್ಲ. ಅದೊಂದು ದೊಡ್ಡ ಮನೆತನದ ಹೆಸರು. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ತಿಳಿದಿತ್ತು. ಮರದ ಬುಡದಲ್ಲಿ ಓಡಾಡುವ ದೊಡ್ಡ ಕರಿಯ ಇರುವೆ ಗೊದ್ದ. ಕಚ್ಚಿದರೆ ಉರಿಯೇಳಿಸುವ ಕೆಂಪಿರುವೆ ಕೆಂಜಿಗ. ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವುದು ಮಲೆನಾಡಿನವರ ಚಗಳಿ. ಇಲ್ಲಿ ನೆರೆಯ ಮರಾಠಿಯವರು ಸಣ್ಣದನ್ನು ಮುಂಗಿ ಎಂದೂ ದೊಡ್ಡ ಕರಿಯದನ್ನು ಮುಂಗಳಾ ಎಂದೂ ಬೇರ್ಪಡಿಸುತ್ತಾರೆ. ವಿಜ್ಞಾನಿಗಳು ಈವರೆಗೆ ಹೆಸರಿಟ್ಟಿರುವ ಇರುವೆಯ ಜಾತಿಗಳು ಜಗತ್ತಿನಲ್ಲಿ ೧೪,೦೦೦ಕ್ಕೂ ಹೆಚ್ಚು. ಭಾರತದಲ್ಲಿಯೇ ೮೦೦ಕ್ಕೆ ಕಡಿಮೆಯಿಲ್ಲ. ಭೂಮಿಯ ಮೇಲೆ ಒಟ್ಟು ಎಷ್ಟು ಇರುವೆಗಳಿರಬಹುದೆಂದು ೨೦೨೨ರಲ್ಲಿ ಒಂದು ಅಂದಾಜು ಮಾಡಿದರು. ಇಪ್ಪತ್ತರ ಮುಂದೆ ಹದಿನೈದು ಸೊನ್ನೆ! ಹಂಚಿದರೆ ನಮ್ಮ ನಿಮ್ಮ ಪಾಲಿಗೆ ತಲಾ ಇಪ್ಪತ್ತೈದು ಲಕ್ಷ. ಕಾಡಿನ ಹಕ್ಕಿಗಳನ್ನೂ ಕಾಡಿನ ಸಸ್ತನಿಗಳನ್ನೂ ಒಟ್ಟಿಗೆ ತಕ್ಕಡಿಯಲ್ಲಿಟ್ಟರೂ ಇರುವೆಗಳ ತಟ್ಟೆಯೇ ಕೆಳಗಿಳಿಯುತ್ತದೆಂದು ಆ ಲೆಕ್ಕ ಹೇಳುತ್ತದೆ.

ಈ ಮನೆತನದವರ ವೃತ್ತಿಗಳು ಎಷ್ಟೊಂದು! ಗೊದ್ದವು ಗೋಪಾಲಕ. ಗಿಡದ ರಸ ಹೀರುವ ಹೇನುಗಳನ್ನೂ ಜಾಲಿಯ ಮೇಲಿನ ಸಣ್ಣ ಹುಳುಗಳನ್ನೂ ಕಾಯ್ದು, ಅವು ಸುರಿಸುವ ಸಿಹಿನೀರನ್ನು ಕುಡಿಯುತ್ತದೆ. ಹೃದಯದ ಆಕಾರದ ಹೊಟ್ಟೆಯನ್ನು ತಲೆಯ ಮೇಲಕ್ಕೆತ್ತಿ ಹೆದರಿಸುವ ಇನ್ನೊಂದು ಜಾತಿ ಮರದ ಮೇಲೆ ಕಾಗದದಂಥ ಗೂಡು ಕಟ್ಟುತ್ತದೆ. ಕಂದು ಮರಕುಟಿಗ ಆ ಗೂಡನ್ನೇ ಕೊರೆದು, ಒಳಗಿನ ಇರುವೆಗಳ ನಡುವೆಯೇ ತನ್ನ ಮೊಟ್ಟೆಯಿಡುತ್ತದೆ. ಕರಿಯ ಮೈಯ ಮತ್ತೊಂದು ಇರುವೆ ತನ್ನ ಬಿಲದ ಬಾಯಿಗೆ ಹಕ್ಕಿಯ ಗರಿಗಳನ್ನೂ ಸತ್ತ ಇರುವೆಗಳ ತುಣುಕುಗಳನ್ನೂ ಜೋಡಿಸುತ್ತದೆ. ಇದು ಬರಿಯ ಅಲಂಕಾರವಲ್ಲ. ನೀರಿಲ್ಲದ ದಿನಗಳಲ್ಲಿ ನಸುಕಿನ ಇಬ್ಬನಿ ಆ ಗರಿಗಳ ಮೇಲೆ ಹನಿಗಟ್ಟುತ್ತದೆ. ಇರುವೆಗಳು ಬಂದು ಕುಡಿಯುತ್ತವೆ. ೧೯೮೫ರಲ್ಲಿ ಮಾರ್ಕ್ ಮಾಫೆಟ್ ಎಂಬವರು ಇದನ್ನು ನಮ್ಮ ದೇಶದಲ್ಲಿಯೇ ಕಂಡು ಬರೆದರು.

ಚಗಳಿಯ ನೇಯ್ಗೆಯನ್ನು ನೋಡದವರು ಊರಿಗೆ ಹೋದಾಗ ತಪ್ಪದೆ ನೋಡಬೇಕು. ಹತ್ತಾರು ಇರುವೆಗಳು ಒಂದರ ಸೊಂಟವನ್ನೊಂದು ಕಚ್ಚಿ ಹಿಡಿದು ಸರಪಳಿಯಾಗಿ ಎರಡೆಲೆಗಳನ್ನು ಹತ್ತಿರಕ್ಕೆಳೆಯುತ್ತವೆ. ಬಳಿಕ ಕೆಲವು ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತಂದು, ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ತಾಗಿಸುತ್ತವೆ. ಮರಿಯ ಬಾಯಿಂದ ರೇಷ್ಮೆಯ ಎಳೆ ಹೊರಬಂದು ಎಲೆಗಳು ಹೊಲಿದುಕೊಳ್ಳುತ್ತವೆ. ಲಾಳಿಯಂತೆ ಓಡಾಡುವುದು ಮನೆಯ ಮಗುವೇ! ಈ ಚಗಳಿಯ ಚಟ್ನಿ ಮಲೆನಾಡಿನಲ್ಲಿ ಪ್ರಸಿದ್ಧ. ನಾಗಪುರದ ಆಗ್ನೇಯಕ್ಕೆ ಗಡಚಿರೋಲಿ ದಾಟಿ ಬಸ್ತರಿಗೆ ಹೋದರೆ ಅಲ್ಲಿನ ಸಂತೆಗಳಲ್ಲಿಯೂ ಇದೇ ಹುಳಿ ಚಟ್ನಿ. ಒಡಿಶಾದ ಸಿಮಿಲಿಪಾಲದ ಕೆಂಪಿರುವೆ ಚಟ್ನಿಗೆ ೨೦೨೪ರಲ್ಲಿ ಸರ್ಕಾರದ ಭೌಗೋಳಿಕ ಗುರುತೂ ದೊರೆಯಿತು.

ಸಂತ್ರದ ಊರಿನಲ್ಲಿರುವ ನಾವು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಚೀನಾದೇಶದ ದಕ್ಷಿಣ ಭಾಗದ ಕಿತ್ತಳೆ ಬೆಳೆಗಾರರು ಚಗಳಿಯ ಗೂಡುಗಳನ್ನು ಪೇಟೆಯಲ್ಲಿ ಕೊಂಡು ತಂದು ಮರಗಳಿಗೆ ಕಟ್ಟುತ್ತಿದ್ದರು. ಅವು ಹಣ್ಣು ಕೆಡಿಸುವ ಹುಳುಗಳನ್ನು ತಿಂದುಹಾಕುತ್ತಿದ್ದುವು. ಕ್ರಿ.ಶ. ೩೦೪ರದೆಂದು ಹೇಳುವ ಒಂದು ಚೀನೀ ಗ್ರಂಥದಲ್ಲಿ ಇದರ ಉಲ್ಲೇಖವಿದೆ. ಹಾಗೆಂದು ತೋಟಗಾರನಿಗೆ ಇರುವೆಯೆಲ್ಲ ನೆಂಟನೆಂದು ತಿಳಿಯಬಾರದು. ಸಿಹಿನೀರಿನ ಆಸೆಗೆ ಗಿಡದ ಹೇನುಗಳನ್ನು ಕಾಪಾಡುವ ಇರುವೆಗಳಿಂದ ನಷ್ಟವೂ ಉಂಟು. ಯಾವ ಇರುವೆ ಎಂದು ನೋಡಿ ಗುರುತಿಸದೆ ಒಳ್ಳೆಯದು ಕೆಟ್ಟದ್ದೆಂಬ ತೀರ್ಪು ಕೊಡಲಾಗುವುದಿಲ್ಲ.

ಇನ್ನು ಇರುವೆಯ ಬುದ್ಧಿಯ ಮಾತು. ನಮ್ಮ ದೇಶದಲ್ಲಿ ಇರುವೆಗಳನ್ನು ಕೂತು ನೋಡಿ ಬರೆದ ಮೊದಲಿಗರಲ್ಲಿ ಹಲವರು ಸರ್ಕಾರಿ ನೌಕರರೇ ಎಂಬುದು ನಮಗೆ ಸ್ವಲ್ಪ ಹೆಮ್ಮೆಯ ವಿಷಯ. ಕರ್ನಲ್ ಸೈಕ್ಸ್ ಮುಂಬಯಿ ಸರ್ಕಾರದ ಅಂಕಿಸಂಖ್ಯೆಗಳ ಅಧಿಕಾರಿ. ರಾಟನ್ ಅರಣ್ಯ ಇಲಾಖೆಯವರು. ನಮ್ಮ ಕಾರವಾರದಲ್ಲಿದ್ದು ಕ್ರಿಮಿಕೀಟಗಳ ಬಗ್ಗೆ ನಗುನಗುತ್ತ ಬರೆದ ಏಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯವರು. ೧೯೦೩ರಲ್ಲಿ ಭಾರತದ ಇರುವೆಗಳ ದೊಡ್ಡ ಗ್ರಂಥ ಬರೆದ ಬಿಂಗಮ್ ಸೈನ್ಯದಲ್ಲಿಯೂ ಅರಣ್ಯ ಇಲಾಖೆಯಲ್ಲಿಯೂ ದುಡಿದವರು. ಯಾರಿಗೂ ಇದು ಸಂಬಳದ ಕೆಲಸವಾಗಿರಲಿಲ್ಲ.

ಸೈಕ್ಸರು ೧೮೨೯ರಲ್ಲಿ ಪುಣೆಯ ಬಯಲಿನಲ್ಲಿ ಹುಲ್ಲಿನ ಬೀಜಗಳ ಸಣ್ಣ ಸಣ್ಣ ರಾಶಿಗಳನ್ನು ಕಂಡರು. ಮಳೆಯಲ್ಲಿ ನೆನೆದ ದಾಸ್ತಾನನ್ನು ಇರುವೆಗಳು ಹೊರಗೆ ತಂದು ಬಿಸಿಲಿಗೆ ಹರವಿದ್ದವು! ನಮ್ಮ ತಾಯಂದಿರು ಹಪ್ಪಳ ಸಂಡಿಗೆ ಹರವಿದಂತೆ. ಅವರ ಮನೆಯಲ್ಲಿ ನಡೆದುದು ಇನ್ನೂ ತಮಾಷೆಯಾಗಿದೆ. ಸಿಹಿತಿಂಡಿಯ ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿರಿಸಿ, ಮೇಜನ್ನು ಗೋಡೆಯಿಂದ ಒಂದಂಗುಲ ದೂರ ಸರಿಸಿದ್ದರು. ಇರುವೆಯೊಂದು ಗೋಡೆಯನ್ನು ಹತ್ತಿ, ಮೇಜಿಗಿಂತ ಒಂದಡಿ ಮೇಲಕ್ಕೆ ಹೋಗಿ, ಅಲ್ಲಿಂದ ಕೈಬಿಟ್ಟು ತಿಂಡಿಯ ಬಳಿಗೆ ಬಿದ್ದಿತು. ನೀರಿನ ಬಟ್ಟಲನ್ನು ನಂಬಿ ನಿಶ್ಚಿಂತೆಯಾಗಿ ಮಲಗುವ ಗೃಹಿಣಿಯರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆದರೆ ಒಂಟಿ ಇರುವೆಯ ಬುದ್ಧಿಗಿಂತ ಹತ್ತು ಸಾವಿರ ಇರುವೆಗಳ ವ್ಯವಸ್ಥೆ ದೊಡ್ಡದು. ಇಲ್ಲಿಯೇ ನಮ್ಮ ಎರಡನೆಯ ತಿದ್ದುಪಡಿ. ರಾಣಿಯೆಂಬವಳು ರಾಣಿಯೇ ಅಲ್ಲ. ಅವಳು ಯಾರಿಗೂ ಅಪ್ಪಣೆ ಕೊಡುವುದಿಲ್ಲ, ಯಾರ ಲೆಕ್ಕವನ್ನೂ ಕೇಳುವುದಿಲ್ಲ. ಕತ್ತಲ ಕೋಣೆಯಲ್ಲಿ ಮೊಟ್ಟೆಯಿಡುವುದೇ ಅವಳ ಕೆಲಸ. ಅವಳನ್ನು ಬಾಣಂತಿ ಎಂದು ಕರೆದಿದ್ದರೆ ಹೆಚ್ಚು ಸರಿಯಾಗುತ್ತಿತ್ತು. ಹಾಗಾದರೆ ಆಹಾರಕ್ಕೆ ಯಾರು ಹೋಗಬೇಕು, ಮರಿಗಳಿಗೆ ಯಾರು ಉಣಿಸಬೇಕು, ಕಸ ಯಾರು ಹೊರಬೇಕೆಂದು ಹೇಳುವವರು ಯಾರು? ಯಾರೂ ಇಲ್ಲ. ಎದುರಾದ ಇರುವೆಯ ಮೈವಾಸನೆಯನ್ನು ಮೀಸೆಯಿಂದ ಮುಟ್ಟಿ ತಿಳಿಯುತ್ತದೆ, ಕಾಲ ಕೆಳಗಿನ ನೆಲದ ವಾಸನೆಯನ್ನು ನೋಡುತ್ತದೆ, ಅದಕ್ಕೆ ತಕ್ಕಂತೆ ತನ್ನ ಸಣ್ಣ ಕೆಲಸ ಮಾಡುತ್ತದೆ. ಇಂಥ ಸಾವಿರಾರು ಸಣ್ಣ ಕೆಲಸಗಳು ಸೇರಿ ಗೂಡು ನಡೆಯುತ್ತದೆ.

ಇದನ್ನು ಮನೆಯಲ್ಲಿಯೇ ಮಕ್ಕಳಿಗೆ ತೋರಿಸಬಹುದು. ಗೋಡೆಯ ಮೇಲೆ ಸಾಲಾಗಿ ಹೋಗುವ ಇರುವೆಗಳ ದಾರಿಗೆ ಅಡ್ಡವಾಗಿ ಬೆರಳನ್ನು ಒಮ್ಮೆ ಬಲವಾಗಿ ಉಜ್ಜಿರಿ. ಕಣ್ಣಿಗೆ ಏನೂ ಬದಲಾಗಿಲ್ಲ; ಆದರೂ ಇರುವೆಗಳು ಅಲ್ಲಿ ಬಂದು ತಡವರಿಸುತ್ತವೆ, ಹಿಂದೆ ಮುಂದೆ ನೋಡುತ್ತವೆ. ತಿಂಡಿ ಕಂಡ ಇರುವೆ ಮರಳುವಾಗ ನೆಲಕ್ಕೆ ಬಳಿದ ವಾಸನೆಯನ್ನು ನೀವು ಅಳಿಸಿದ್ದೀರಿ. ಸ್ವಲ್ಪ ಹೊತ್ತಿನಲ್ಲಿ ಒಂದೆರಡು ಧೈರ್ಯಸ್ಥ ಇರುವೆಗಳು ದಾಟುತ್ತವೆ, ಸಾಲು ಮತ್ತೆ ಕೂಡಿಕೊಳ್ಳುತ್ತದೆ. ೧೯೮೯ರಲ್ಲಿ ಬ್ರಸೆಲ್ಸಿನ ವಿಜ್ಞಾನಿಗಳು ಗೂಡಿನಿಂದ ಆಹಾರಕ್ಕೆ ಒಂದು ಉದ್ದದ, ಒಂದು ಗಿಡ್ಡದ, ಹೀಗೆ ಎರಡು ಸೇತುವೆಗಳನ್ನಿಟ್ಟರು. ಮೊದಲು ಇರುವೆಗಳು ಎರಡರಲ್ಲೂ ನಡೆದುವು. ಗಿಡ್ಡ ದಾರಿಯವು ಬೇಗ ಮರಳಿದ್ದರಿಂದ ಅಲ್ಲಿ ವಾಸನೆ ಬೇಗ ದಟ್ಟವಾಯಿತು. ದಟ್ಟವಾದ ಕಡೆಗೆ ಇನ್ನಷ್ಟು ಇರುವೆಗಳು ಬಂದುವು. ಅಳತೆಗೋಲಿಲ್ಲದೆ, ಮೇಸ್ತ್ರಿಯಿಲ್ಲದೆ ಹತ್ತಿರದ ದಾರಿ ಆರಿಸಿಯಾಯಿತು. ಇದೇ ಉಪಾಯವನ್ನು ಗಣಕಯಂತ್ರಗಳಿಗೆ ಕಲಿಸಿ, ಕಡಿಮೆ ದೂರದ ಮಾರ್ಗ ಹುಡುಕುವ ಲೆಕ್ಕಗಳನ್ನು ಇಂದು ಮಾಡುತ್ತಾರೆ.

ವಾಸನೆಯ ರಾಜ್ಯಕ್ಕೆ ತನ್ನದೇ ಪೇಚಾಟಗಳೂ ಉಂಟು. ಸತ್ತ ಇರುವೆಯ ಮೈಯಿಂದ ಎರಡು ದಿನಗಳಲ್ಲಿ ಒಲೆಯಿಕ್ ಆಮ್ಲದ ವಾಸನೆ ಬರುತ್ತದೆ. ಶೇಂಗಾ ಎಣ್ಣೆಯಲ್ಲಿ ಹೇರಳವಾಗಿರುವ ವಸ್ತುವೇ ಇದು. ವಾಸನೆ ಬಂದೊಡನೆ ಉಳಿದವು ಹೆಣವನ್ನು ಹೊತ್ತು ಕಸದ ಗುಡ್ಡೆಗೆ ಹಾಕುತ್ತವೆ. ೧೯೫೮ರಲ್ಲಿ ಅಮೆರಿಕದ ವಿಲ್ಸನ್ ಮತ್ತು ಸಂಗಡಿಗರು ಈ ಆಮ್ಲವನ್ನು ಒಂದು ಬದುಕಿರುವ ಇರುವೆಗೆ ಹಚ್ಚಿದರು. ಅದು ಕಾಲು ಝಾಡಿಸುತ್ತಿದ್ದರೂ ಲೆಕ್ಕಿಸದೆ ಸಂಗಾತಿಗಳು ಹೊತ್ತೊಯ್ದು ಕಸಕ್ಕೆ ಹಾಕಿದುವು. ಮೈಯೊರಸಿಕೊಂಡು ಮರಳಿತು, ಮತ್ತೆ ಹೊತ್ತೊಯ್ದುವು. ವಾಸನೆ ಪೂರ್ತಿ ಹೋಗುವವರೆಗೂ ಅದಕ್ಕೆ ಮನೆಯೊಳಗೆ ಸ್ಥಾನವಿಲ್ಲ. ಪ್ರತಿ ನವೆಂಬರಿನಲ್ಲಿ ತಾವು ಬದುಕಿರುವೆವೆಂದು ಪ್ರಮಾಣಪತ್ರ ಸಲ್ಲಿಸುವ ನಮ್ಮ ಪಿಂಚಣಿದಾರ ಹಿರಿಯರು ಈ ಇರುವೆಯ ಸಂಕಟವನ್ನು ಚೆನ್ನಾಗಿ ಬಲ್ಲರು.

ಮೂರನೆಯದು, ಇರುವೆಯ ಬಿಡುವಿಲ್ಲದ ದುಡಿಮೆ. ಅಮೆರಿಕದ ಆರಿಜೋನಾದಲ್ಲಿ ಒಂದು ಸಣ್ಣ ಜಾತಿಯ ಇರುವೆಗಳಿಗೆಲ್ಲ ಬಣ್ಣದ ಚುಕ್ಕೆಯಿಟ್ಟು ಹಗಲಿರುಳು ನೋಡಿದರು. ನೂರಕ್ಕೆ ಸುಮಾರು ನಲವತ್ತು ಇರುವೆಗಳು ಹೆಚ್ಚಿನ ಹೊತ್ತೆಲ್ಲ ಸುಮ್ಮನೆ ಕುಳಿತಿದ್ದುವು! ಈ ಪುಟವನ್ನು ಓದುಗರು ಕಚೇರಿಯ ಮೇಜಿನ ಮೇಲೆ ಬಿಟ್ಟುಹೋಗಬಾರದೆಂದು ನಮ್ಮ ವಿನಂತಿ. ಮುಂದಿನದನ್ನೂ ಕೇಳಿರಿ. ಚೆನ್ನಾಗಿ ದುಡಿಯುವವನ್ನು ತೆಗೆದುಬಿಟ್ಟಾಗ ಒಂದು ವಾರದೊಳಗೆ ಸುಮ್ಮನಿದ್ದವುಗಳಲ್ಲಿ ಕೆಲವು ಎದ್ದು ಅವುಗಳ ಜಾಗ ತುಂಬಿದುವು. ಸುಮ್ಮನಿದ್ದವನ್ನು ತೆಗೆದಾಗ ಅವುಗಳ ಜಾಗಕ್ಕೆ ಯಾರೂ ಬರಲಿಲ್ಲ. ೨೦೧೭ರಲ್ಲಿ ಪ್ರಕಟವಾದ ಈ ಪರೀಕ್ಷೆಯಿಂದ, ಸುಮ್ಮನಿರುವವು ಆಪತ್ಕಾಲದ ಮೀಸಲು ಪಡೆ ಎಂದು ತಿಳಿಯುತ್ತದೆ. ಆದುದರಿಂದ ಮಕ್ಕಳಿಗೆ ಇರುವೆಯನ್ನು ತೋರಿಸಿ ದುಡಿಯಲು ಹೇಳುವವರು, ಅದೇ ಇರುವೆಯನ್ನು ತೋರಿಸಿ ಒಂದಿಷ್ಟು ಆಡಲೂ ಬಿಡಬೇಕು.

ರೆಕ್ಕೆ ಬಂದ ಇರುವೆಯ ಗತಿಯೇನು? ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದ ಸಂಜೆ ದೀಪದ ಸುತ್ತ ಮುತ್ತುವವುಗಳಲ್ಲಿ ಗೆದ್ದಲೂ ಇರುತ್ತದೆ, ಇರುವೆಯೂ ಇರುತ್ತದೆ. ರೆಕ್ಕೆಯ ಇರುವೆಗಳೆಂದರೆ ಮದುವೆಗೆ ಹೊರಟ ಗಂಡು ಹೆಣ್ಣುಗಳು. ಗಂಡಿನ ವಿಷಯದಲ್ಲಿ ಮಾತು ನಿಜ. ಕೂಡಿದ ಕೆಲವೇ ದಿನಗಳಲ್ಲಿ ಅವನ ಕಥೆ ಮುಗಿಯುತ್ತದೆ. ಹೆಣ್ಣು ನೆಲಕ್ಕಿಳಿದು ತನ್ನ ರೆಕ್ಕೆಗಳನ್ನು ತಾನೇ ಕಿತ್ತೊಗೆದು ಮಣ್ಣಿನೊಳಗೆ ಸೇರುತ್ತಾಳೆ. ಹೆಚ್ಚಿನವರು ಹಕ್ಕಿ ಹಲ್ಲಿಗಳ ಪಾಲಾಗುತ್ತಾರೆ. ಉಳಿದವಳು ಆ ಒಂದೇ ಸಂಜೆಯ ದಾಂಪತ್ಯದ ಬಲದಿಂದ ವರ್ಷಾನುಗಟ್ಟಲೆ ಮೊಟ್ಟೆಯಿಡುತ್ತಾಳೆ. ಯೂರೋಪಿನ ಒಂದು ಕರಿಯಿರುವೆಯ ತಾಯಿ ಸಾಕಿದ ಗೂಡಿನಲ್ಲಿ ೨೮ ವರ್ಷಕ್ಕೂ ಮಿಕ್ಕಿ ಬದುಕಿದ ದಾಖಲೆಯುಂಟು. ಅಂದ ಹಾಗೆ, ಮಳೆಗೆ ಮೊದಲು ಇರುವೆಗಳು ಹೊತ್ತು ಸಾಗಿಸುವ ‘ಮೊಟ್ಟೆ’ಗಳಲ್ಲಿ ಬಹುಪಾಲು ಮೊಟ್ಟೆಗಳಲ್ಲ, ಮರಿಹುಳುಗಳು ಮತ್ತು ಕೋಶಗಳು. ನಿಜವಾದ ಮೊಟ್ಟೆ ಕಣ್ಣಿಗೆ ಕಾಣಿಸುವುದೇ ಕಷ್ಟ.

ಒಂದು ಒಗಟನ್ನೂ ಹೇಳಿಬಿಡುತ್ತೇವೆ. ತಂದೆಯಿಲ್ಲ, ಆದರೆ ತಾತನುಂಟು, ಯಾರು? ಗಂಡಿರುವೆ! ಗಂಡಿನ ಸಂಪರ್ಕವಿಲ್ಲದ ಮೊಟ್ಟೆಯಿಂದ ಗಂಡು, ಸಂಪರ್ಕವಾದ ಮೊಟ್ಟೆಯಿಂದ ಹೆಣ್ಣು ಹುಟ್ಟುತ್ತದೆ. ನಾವು ಕಾಣುವ ದುಡಿಯುವ ಇರುವೆಗಳೆಲ್ಲವೂ ಹೆಣ್ಣುಗಳು, ಅಕ್ಕತಂಗಿಯರು. ತಾಯಿ ಒಬ್ಬನೇ ಗಂಡನನ್ನು ಕೂಡಿದ್ದರೆ ಈ ಅಕ್ಕತಂಗಿಯರ ರಕ್ತಸಂಬಂಧ ತಾಯಿಮಗಳ ಸಂಬಂಧಕ್ಕಿಂತ ಗಟ್ಟಿ. ಸ್ವಂತ ಮಕ್ಕಳನ್ನು ಬಿಟ್ಟು ತಂಗಿಯರನ್ನು ಸಾಕುವ ಈ ತ್ಯಾಗಕ್ಕೆ ಅದೊಂದು ಕಾರಣವೆಂದು ೧೯೬೪ರಲ್ಲಿ ಹ್ಯಾಮಿಲ್ಟನ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ತೋರಿಸಿದರು.

ಈ ತ್ಯಾಗ ಒಮ್ಮೆಗೇ ಬಂದುದಲ್ಲವೆಂಬುದಕ್ಕೆ ಸಾಕ್ಷಿ ನಮ್ಮ ಕರ್ನಾಟಕದ ಕಾಡುಗಳಲ್ಲಿದೆ. ಅಲ್ಲಿ ಉದ್ದ ದವಡೆಯ, ದೊಡ್ಡ ಕಣ್ಣುಗಳ, ಬೇಟೆಯ ಮೇಲೆ ನೆಗೆಯುವ ಒಂದಿರುವೆ ಇದೆ. ೧೮೫೧ರಲ್ಲಿ ಜೆರ್ಡನ್ ಎಂಬ ವೈದ್ಯರು ಅದನ್ನು ವರ್ಣಿಸಿದರು. ೧೯೯೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಮುಸ್ತಾಕ್ ಅಲಿಯವರೂ ಹೊರದೇಶದ ಸಂಗಡಿಗರೂ ಅದರ ಗೂಡನ್ನು ವಿವರಿಸಿದರು; ಬಿಟ್ಟ ಕೋಶಗಳ ಸಿಪ್ಪೆಯನ್ನು ಅದು ಕೋಣೆಯ ಗೋಡೆಗಳಿಗೆ ಅಂಟಿಸುತ್ತದೆ. ಈ ಜಾತಿಯಲ್ಲಿ ತಾಯಿ ಸತ್ತರೆ ಗೂಡು ಹಾಳಾಗುವುದಿಲ್ಲ. ಹೆಣ್ಣುಗಳು ಮೀಸೆಗಳಿಂದ ವಾರಗಟ್ಟಲೆ ಒಂದನ್ನೊಂದು ಬಡಿದು ಸ್ಪರ್ಧಿಸುತ್ತವೆ. ಗೆದ್ದ ಕೆಲವು ತಾವೇ ಮೊಟ್ಟೆಯಿಡತೊಡಗುತ್ತವೆ. ಏಳು ತಿಂಗಳಿದ್ದ ಆಯುಸ್ಸು ನಾಲ್ಕು ವರ್ಷಕ್ಕೇರುತ್ತದೆ. ಜೊತೆಗೆ ಮೆದುಳು ಐದರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ! ಮತ್ತೆ ಕೆಳಗಿನ ಕೆಲಸಕ್ಕೆ ಇಳಿಸಿದರೆ ಮೆದುಳು ಮೊದಲಿನಂತೆ ಬೆಳೆಯುತ್ತದೆಂದು ೨೦೨೧ರಲ್ಲಿ ಕಂಡುಕೊಂಡರು. ಬಡ್ತಿ ಪಡೆದ ಮಿತ್ರರು ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ. ನಾವು ಹೇಳುತ್ತಿರುವುದು ಇರುವೆಯ ವಿಷಯ.

ಈ ಮನೆತನದ ಮೂಲಪುರುಷರು, ಅಲ್ಲ, ಮೂಲಸ್ತ್ರೀಯರು ಯಾರು? ಕಣಜಗಳು. ಗೂಡಿಗೆ ಬೇಟೆ ತಂದು ಮರಿಗಳಿಗೆ ಉಣಿಸುವ ಕಣಜದ ಕುಲದಿಂದಲೇ ಇರುವೆ ಕವಲೊಡೆಯಿತು. ೧೯೬೭ರಲ್ಲಿ ವಿಲ್ಸನ್ ಮತ್ತಿಬ್ಬರು ಅಮೆರಿಕದ ನ್ಯೂಜೆರ್ಸಿಯಲ್ಲಿ ಮರದಂಟಿನೊಳಗೆ ಹೂತು ಉಳಿದಿದ್ದ ಸುಮಾರು ೯ ಕೋಟಿ ವರ್ಷಗಳ ಹಿಂದಿನ ಇರುವೆಯನ್ನು ವರ್ಣಿಸಿದರು. ಅದು ಅರ್ಧ ಕಣಜ, ಅರ್ಧ ಇರುವೆ. ೨೦೨೫ರಲ್ಲಿ ಬ್ರೆಜಿಲಿನ ಸುಣ್ಣಕಲ್ಲಿನಲ್ಲಿ ೧೧.೩ ಕೋಟಿ ವರ್ಷಗಳ ಹಿಂದಿನ ಇರುವೆ ದೊರೆಯಿತು. ನಮ್ಮ ದೇಶದಲ್ಲಿಯೂ ಸೂರತ್ತಿನ ಬಳಿಯ ಕಲ್ಲಿದ್ದಲು ಗಣಿಯ ಮರದಂಟಿನಲ್ಲಿ ಐದು ಕೋಟಿ ವರ್ಷ ಹಿಂದಿನ ಇರುವೆಗಳು ಸಿಕ್ಕಿವೆ.

ನಾಗಪುರದ ನಡುವೆ ನಿಂತಿರುವ ಸೀತಾಬರ್ಡಿಯ ಗುಡ್ಡವನ್ನು ದಿನವೂ ನೋಡುತ್ತೇವೆ. ಅದರ ಕರಿಗಲ್ಲು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದ ಬೆಂಕಿಯ ಪ್ರವಾಹ ಆರಿ ಆದದ್ದು. ಬೆಳಗಾವಿಯವರೆಗೂ ಅದೇ ಕಲ್ಲು ಹಬ್ಬಿದೆ. ಆ ಕಲ್ಲಿನ ಸಂದಿಯಲ್ಲಿ ಇಂದು ಓಡಾಡುವ ಇರುವೆಯ ವಂಶ ಆ ಕಲ್ಲಿಗಿಂತ ಹಳೆಯದು! ಅದೇ ಕಾಲದಲ್ಲಿ ಆಕಾಶದಿಂದ ಬಿದ್ದ ದೊಡ್ಡ ಬಂಡೆಯಿಂದ ಜಗತ್ತಿಗೆ ಕತ್ತಲೆ ಕವಿದು, ಭಾರೀ ಹಲ್ಲಿಗಳ ಕುಲ ಅಳಿದುಹೋಯಿತು. ಕೊಳೆತ ಗಿಡಮರಗಳ ಮೇಲೆ ಅಣಬೆ ಹೇರಳವಾಗಿ ಬೆಳೆದ ಆ ಕಾಲದಲ್ಲಿಯೇ ಅಮೆರಿಕ ಖಂಡದ ಕೆಲವು ಇರುವೆಗಳು ಅಣಬೆಯ ಬೇಸಾಯ ಆರಂಭಿಸಿದುವೆಂದು ೨೦೨೪ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಮನುಷ್ಯ ನೇಗಿಲು ಹಿಡಿದು ಹನ್ನೆರಡು ಸಾವಿರ ವರ್ಷವೂ ಆಗಿರಲಾರದು.

ಅಣಬೆ ಬೆಳೆಯುವ ಇರುವೆ ನಮ್ಮಲ್ಲಿಲ್ಲ. ನಮ್ಮಲ್ಲಿ ಆ ಬೇಸಾಯ ಗೆದ್ದಲಿನದು. ಕಡತಗಳ ಶತ್ರುವಾದ ಈ ಗೆದ್ದಲನ್ನು ಇಂಗ್ಲಿಷರು ‘ಬಿಳಿ ಇರುವೆ’ ಎಂದು ಕರೆದು ಇರುವೆಗೆ ಇಲ್ಲದ ಅಪವಾದ ತಂದರು. ಗೆದ್ದಲು ಜಿರಲೆಯ ಬಳಗ. ಇರುವೆ ಅದರ ಕುಲಶತ್ರು. ಕಾಗದ ತಿಂದ ಪಾಪ ಇರುವೆಯದಲ್ಲ.

ಕೊನೆಯದಾಗಿ ಒಂದೆರಡು ವಿನಂತಿ. ಅಡಿಗೆಮನೆಗೆ ಇರುವೆ ಬಂದರೆ ಮೊದಲು ಅದರ ದಾರಿಯನ್ನು ಸಾಬೂನು ನೀರಿನಿಂದ ತೊಳೆಯಿರಿ. ವಾಸನೆ ಹೋದರೆ ಸಾಲು ತಪ್ಪುತ್ತದೆ. ವಿಷದ ಬಳಪ ಕೊನೆಯ ಮಾತಾಗಲಿ, ಅದೂ ಮಕ್ಕಳ ಕೈಗೆ ಸಿಗದಂತೆ. ಅಂಗಳಕ್ಕೆಲ್ಲ ಸಿಮೆಂಟು ಬಳಿಯುವಾಗ ಒಂದು ಮೂಲೆಯಲ್ಲಿ ಮಣ್ಣು ಉಳಿಸಿರಿ. ಹಬ್ಬದ ದಿನವಾದರೂ ಕಲ್ಲಿನ ಪುಡಿ ಬಿಟ್ಟು ಅಕ್ಕಿಹಿಟ್ಟಿನಲ್ಲಿ ರಂಗೋಲಿಯಿಟ್ಟರೆ ನಮ್ಮ ಅಜ್ಜಿಯಂದಿರ ಲೆಕ್ಕದಂತೆ ಅದೊಂದು ಅನ್ನದಾನ.

ಎರಡನೆಯದು ಹೆಸರುಗಳ ವಿಷಯ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಎಲ್ಲ ಇರುವೆಗಳಿಗೂ ‘ಚೀಂಟಿ’ ಎಂಬ ಒಂದೇ ಮಾತನ್ನಾಡುತ್ತಾರೆ. ಗೊದ್ದ, ಕೆಂಜಿಗ, ಚಗಳಿ ಎಂಬ ಹೆಸರು ಬಾಯಿಂದ ಹೋದರೆ ಅವು ಬೇರೆ ಬೇರೆ ಎಂಬ ನೋಟವೂ ಕಣ್ಣಿಂದ ಹೋಗುತ್ತದೆ. ನಿಮ್ಮ ನಿಮ್ಮ ಊರಿನಲ್ಲಿ ಯಾವ ಯಾವ ಇರುವೆಗೆ ಏನೇನು ಹೆಸರಿತ್ತೆಂದು ಮನೆಯ ಹಿರಿಯರನ್ನು ಕೇಳಿ, ಮಕ್ಕಳ ಕೈಯಲ್ಲಿಯೇ ಬರೆಸಿ ಸಂಘದ ವಿಳಾಸಕ್ಕೆ ಕಳಿಸಿಕೊಡಿರಿ. ಗಾತ್ರ, ಬಣ್ಣ, ಕಚ್ಚುತ್ತದೆಯೋ ಇಲ್ಲವೋ ಎಂಬುದನ್ನೂ ಬರೆಯಲಿ. ಬಂದ ಹೆಸರುಗಳನ್ನೆಲ್ಲ ಊರಿನ ಹೆಸರಿನೊಡನೆ ಒಟ್ಟುಗೂಡಿಸಿ ಮುಂದಿನ ಸಂಚಿಕೆಗೆ ಪಟ್ಟಿ ಮಾಡಿಕೊಡುವ ಕೆಲಸ ನಮ್ಮದು. ಪಟ್ಟಿ ಮಾಡುವುದರಲ್ಲಿ ನಮಗೆ ಸಾಕಷ್ಟು ಅಭ್ಯಾಸವಿದೆ.